ಹನ್ನೆರಡನೆಯ ಪುಟಕ್ಕೆ ಆರು ಗೆರೆ

ಅಮೆರಿಕದ ಮಾರಿಸ್‌ವಿಲ್‌ನಲ್ಲಿ, ನಾನಿದ್ದ ಅಕ್ಕನ ಮನೆಯ ಪಕ್ಕದ ಟೌನ್‌ಹೌಸಿನಲ್ಲಿ ಜರ್ಮನಿಯ ಲೇಖಕಿಯೊಬ್ಬರಿದ್ದರು. ಮಗ್ಗದ ಯಂತ್ರಗಳ ಇಂಜಿನಿಯರಾಗಿದ್ದ ಗಂಡನ ಜೊತೆ ಮೊದಲು ಷಾರ್ಲೆಟ್ ನಗರಕ್ಕೆ ಬಂದವರು, ಆತ ತೀರಿಕೊಂಡ ಮೇಲೆ ಇಲ್ಲಿಗೆ ಬಂದಿದ್ದರು. ಮಕ್ಕಳಿಗಾಗಿ ಹನ್ನೊಂದು ಪುಸ್ತಕ ಬರೆದಿದ್ದರು, ಎಲ್ಲವೂ ಜರ್ಮನ್ ಭಾಷೆಯಲ್ಲಿ. ನಮ್ಮ ಬೀದಿಯ ಮಕ್ಕಳಿಗೆ ಅವರು ಜರ್ಮನ್ ಅಜ್ಜಿ.

ಅವರ ಕೆಲಸದ ಕ್ರಮ ನನಗೆ ಹಿಡಿಸಿತ್ತು. ಪ್ರಕಾಶಕರಿಗೆ ಕಳಿಸುವ ಮುನ್ನ ಕಥೆಯನ್ನು ಇಂಗ್ಲಿಷಿಗೆ ತಿರುಗಿಸುತ್ತಾ ಮಕ್ಕಳಿಗೆ ಓದುತ್ತಿದ್ದರು. ಮಗುವಿನ ಕಣ್ಣು ಯಾವ ಪುಟದಲ್ಲಿ ಬೇರೆಡೆ ಹೋಗುತ್ತದೋ ಆ ಪುಟಕ್ಕೆ ಒಂದು ಗೆರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಂದ ಗೆರೆ ಬಿದ್ದ ಪುಟವನ್ನು ತೆಗೆದುಬಿಡುತ್ತಿದ್ದರು. ಓದುತ್ತಲೇ ಗೆರೆ ಹಾಕುವುದು ಅವರಿಗೆ ಕಷ್ಟವಾದಾಗ ಆ ಕೆಲಸ ನನಗೆ ಬಂತು.

೨೦೨೨ರ ಅಕ್ಟೋಬರ್ ೧೫, ಶನಿವಾರ, ಅವರ ಗ್ಯಾರೇಜಿನಲ್ಲಿ ಎಂಟು ಮಕ್ಕಳು. ಹೊಸ ಕಥೆಯ ಹನ್ನೆರಡನೆಯ ಪುಟದಲ್ಲಿ ಅಣ್ಣ ಆಸ್ಪತ್ರೆಗೆ ಹೋಗುತ್ತಾನೆ, ಮರಳುವುದಿಲ್ಲ. ತಂಗಿ ಅವನ ಹೊದಿಕೆಯನ್ನು ದಿನವೂ ಕೊಡವಿ ಮಡಿಸಿಡುತ್ತಾಳೆ. ಆ ಪುಟಕ್ಕೆ ಆರು ಗೆರೆ. ಬೇರಾವ ಪುಟಕ್ಕೂ ಎರಡು ದಾಟಲಿಲ್ಲ.

ಪಟ್ಟಿ ನೋಡಿ ಅವರು ಆ ಹಾಳೆಯನ್ನು ತೆಗೆದು ಮಗುಚಿಟ್ಟರು.

"ಅದು ನನ್ನ ಅಣ್ಣ," ಎಂದರು ಇಂಗ್ಲಿಷಿನಲ್ಲಿ. "ಆಗ ನನಗೆ ಏಳು ವರ್ಷ. ಹಿಂದೆ ಎರಡು ಪುಸ್ತಕಗಳಿಂದ ಅವನನ್ನು ಹೀಗೇ ತೆಗೆದೆ. ಇದು ನನ್ನ ಕೊನೆಯ ಪುಸ್ತಕ, ಸೋಮವಾರ ಕಳಿಸಬೇಕು."

ಆರು ಗೆರೆಗಳಲ್ಲಿ ಒಂದು ಅಕ್ಕನ ಮಗಳದು. ಮನೆಗೆ ಬರುವಾಗ ಕೇಳಿದೆ.

"ಅಣ್ಣನ ಪುಟ ಬೋರ್ ಆಯ್ತಾ ನಿಂಗೆ?"

"ನೋ ಚಿಕ್ಕಿ."

"ಮತ್ತೆ ಯಾಕೆ ನೆಲ ನೋಡ್ತಾ ಕೂತಿದ್ದೆ?"

"ಅಜ್ಜಿ ಸ್ಯಾಡ್ ಇದ್ರು. ಸ್ಟೇರ್ ಮಾಡಿದ್ರೆ ರೂಡ್. ನೀನೇ ಹೇಳಿದ್ದು."

"ನಾನ್ಯಾವಾಗ ಹೇಳ್ದೆ?"

"ಎವ್ರಿಡೇ ಹೇಳ್ತೀಯ. ಚಿಕ್ಕಿ, ಆ ಬ್ಲಾಂಕೆಟ್ ಅವ್ಳು ಇನ್ನೂ ಫೋಲ್ಡ್ ಮಾಡ್ತಾಳಾ?"

ಬಾಗಿಲ ಕಡೆ ನೋಡಿದವರಿಗೂ ನೆಲ ನೋಡಿದವರಿಗೂ ನಾನು ಒಂದೇ ಗೆರೆ ಹಾಕಿದ್ದೆ. ಉಳಿದ ಐವರು ಎತ್ತ ನೋಡಿದ್ದರೆಂದು ನೆನಪಿರಲಿಲ್ಲ. ಲೇಖಕಿಯ ಮನೆಗೆ ಹಿಂದಿರುಗಿ ಹೋಗಿ, ಅಕ್ಕನ ಮಗಳ ಮಾತನ್ನೂ ಸೇರಿಸಿ ಅಷ್ಟನ್ನೂ ಹೇಳಿದೆ.

ಭಾನುವಾರ ಸಂಜೆ ಮಕ್ಕಳನ್ನು ಮತ್ತೆ ಕರೆದೆವು. ಇಬ್ಬರು ದೇವಸ್ಥಾನಕ್ಕೆ ಹೋಗಿದ್ದರು, ಆರು ಮಂದಿ ಬಂದರು. ಈ ಸಲ ಎರಡು ಅಂಕಣ ಎಳೆದುಕೊಂಡಿದ್ದೆ. ಹನ್ನೆರಡನೆಯ ಪುಟ: ನೆಲ ನಾಲ್ಕು, ಬೇರೆ ಕಡೆ ಒಂದು.

"ಒಟ್ಟು ಐದು," ಎಂದರು ಅವರು. "ನಿಯಮದ ಪ್ರಕಾರ ಈಗಲೂ ಹೋಗಬೇಕು."

"ಹೌದು," ಎಂದೆ.

"ಆ ಒಂದು ಯಾರು?"

"ಕೊನೆ ಮನೆಯ ಹುಡುಗ. ಅವನ ಶೂ ಲೇಸ್ ಬಿಚ್ಚಿತ್ತು."

ಅವರು ತುಸು ನಕ್ಕರು. ಹಾಳೆಯನ್ನು ಹನ್ನೊಂದು ಮತ್ತು ಹದಿಮೂರರ ನಡುವೆ ಸೇರಿಸಿ, ಕಟ್ಟನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿ, ಕವರಿಗೆ ಹಾಕಿ ಅಂಟಿಸಿದರು. ಸೋಮವಾರ ಬೆಳಿಗ್ಗೆ ಅದನ್ನು ಅಂಚೆ ಕಚೇರಿಯಲ್ಲಿ ಕೊಟ್ಟು ಬಂದೆ.