ಬಸಣ್ಣನ ಗಾಡಿಯ ಗುಂಯ್ ಸದ್ದು

ಕೊರೊನಾ ಕಾಟ ಮುಗಿದ ಮೇಲಿನ ಎರಡನೆಯ ಮೆಣಸಿನಕಾಯಿ ಸುಗ್ಗಿ ಅದು. ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿರುವ ನನ್ನ ಗ್ಯಾರೇಜನ್ನು ಇನ್ನೂ ಮಗನ ಕೈಗೆ ಕೊಟ್ಟಿರಲಿಲ್ಲ. ನಾನೇ ಹೆಡ್ ಮೆಕ್ಯಾನಿಕ್, ನಾನೇ ಮಾಲಕ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ ನಾನು. ಆದರೂ ಡ್ರೈವರುಗಳು ‘ಉಸ್ತಾದ್’ ಎಂದು ಕರೆದು ನನ್ನ ಬೈಗುಳ ತಿಂದೇ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಬಸಣ್ಣ ತನ್ನ ಪಿಕಪ್ ತಂದು ನಿಲ್ಲಿಸಿದ. ಹಲಗೇರಿಯಾಚೆಯ ಹಳ್ಳಿಯವನು. ಬೆಳಿಗ್ಗೆ ತನ್ನೂರಿನ ಹೆಣ್ಣುಮಕ್ಕಳನ್ನು ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಕರೆದೊಯ್ಯುತ್ತಿದ್ದ, ನಡುವೆ ಮೆಣಸಿನಕಾಯಿ ಚೀಲ ಹೇರುತ್ತಿದ್ದ, ಸಂಜೆ ಮತ್ತೆ ಅವರನ್ನು ಊರು ಮುಟ್ಟಿಸುತ್ತಿದ್ದ. ಸರಕಿನ ಗಾಡಿಯಲ್ಲಿ ಮಂದಿ ತುಂಬಬಾರದೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಆ ಹೊತ್ತಿಗೆ ಆ ಊರಿಗೆ ಬಸ್ಸಿಲ್ಲ ಎಂಬುದೂ ಎಲ್ಲರಿಗೂ ಗೊತ್ತು.

“ಉಸ್ತಾದ್, ನಲವತ್ತರ ಮ್ಯಾಲೆ ಹೋದ್ರ ಗುಂಯ್ ಅಂತೈತಿ. ಇಬ್ಬರು ಮಿಸ್ತ್ರಿಗೋಳು ನೋಡ್ಯಾರ. ಒಬ್ಬಾಂವ ಟಾಯರ್ ಬದಲಿ ಮಾಡಿಸಿದ. ಇನ್ನೊಬ್ಬಾಂವ ಡಿಫರೆನ್ಷಿಯಲ್ ಹೋಗೇತಿ ಅಂದ. ಸದ್ದು ಮಾತ್ರ ನಿಂತಿಲ್ಲ.”

ನಾನು ಗಾಡಿಯನ್ನು ಹೆದ್ದಾರಿಗೆ ಒಯ್ದೆ. ನಲವತ್ತು, ಐವತ್ತು, ಅರವತ್ತು. ಏನೂ ಇಲ್ಲ. ಸದ್ದಿನ ಕಾಯಿಲೆಯ ಸ್ವಭಾವವೇ ಇದು. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುತ್ತದೆ. “ಗಾಡಿಗೇನೂ ಆಗಿಲ್ಲಪಾ, ನಿನ್ನ ಕಿವಿ ತೋರಿಸ್ಕೋ” ಎಂದೆ. ಬಸಣ್ಣ ನಗಲಿಲ್ಲ. “ಹಿಂದ ಕುಂದ್ರೋ ಹೆಣ್ಣಮಕ್ಳೂ ಅಂತಾರ್ರೀ. ಮಂದಿ ಕುಂತಾಗ ಮಾತ್ರ ಬರತೈತಿ” ಎಂದ. ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸಂಜೆ ಅವನ ಜೊತೆ ನಾನೂ ಬ್ಯಾಡಗಿಗೆ ಹೊರಟೆ.

ಹೆಣ್ಣುಮಕ್ಕಳು ಮೂಗಿಗೆ ಸೀರೆಯ ಸೆರಗು ಕಟ್ಟಿಕೊಂಡು, ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಗಾಡಿ ಹತ್ತಿದರು. ಸ್ಟೇರಿಂಗ್ ನಾನು ಹಿಡಿದೆ. ಊರು ದಾಟಿ ವೇಗ ನಲವತ್ತಕ್ಕೆ ಏರಿದ್ದೇ ತಡ, ಸದ್ದು ಬಂತು. ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದೆ; ಸದ್ದು ಇಳಿಯಲಿಲ್ಲ. ಅಂದರೆ ದೋಷ ಇಂಜಿನ್‌ನಲ್ಲಿಲ್ಲ, ಉರುಳುವ ಭಾಗದಲ್ಲಿದೆ. ಖಾಲಿ ರಸ್ತೆ ನೋಡಿ ಸ್ಟೇರಿಂಗ್ ಮೆಲ್ಲಗೆ ಎಡಕ್ಕೆ ಎಳೆದೆ. ಹಾಗೆ ಎಳೆದಾಗ ಗಾಡಿಯ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಸದ್ದು ಜೋರಾಯಿತು. ಬಲಕ್ಕೆ ಎಳೆದೆ, ತಗ್ಗಿತು.

“ಯಾರವಾ ಅದು ಕುಡದ ಹೊಡ್ಯಾಕತ್ತಾಂವ?” ಹಿಂದಿನಿಂದ ದೊಡ್ಡ ದನಿ ಬಂತು. ಗಾಡಿ ನಿಲ್ಲಿಸಿ ಹೋಗಿ ನೋಡಿದೆ. ಗುಂಪಿನ ಹಿರಿಯಳು ಹನುಮವ್ವ, ಹಿಂದಿನ ಬಲಮೂಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಅವಳಷ್ಟೇ ಅಲ್ಲ, ಎಲ್ಲರೂ ಬಲಗಡೆಯೇ ಒತ್ತೊತ್ತಿ ಕೂತಿದ್ದರು. ಎಡಗಡೆ ಬರೀ ಬುತ್ತಿಚೀಲಗಳು.

“ಯಾಕ ಎಲ್ಲಾರೂ ಒಂದ ಕಡೆ?”

“ಬಿಸಲಿಗೆ ಮಾರಿ ಕೊಟ್ಟ ಕುಂದ್ರೂಣೇನ್ರಿ? ಬೆನ್ನ ಕೊಟ್ಟೇವಿ” ಎಂದಳು ಹನುಮವ್ವ.

ಆಗ ಲೆಕ್ಕ ಹೊಳೆಯಿತು. ಅವರ ಊರಿನಿಂದ ಬ್ಯಾಡಗಿ ಉತ್ತರಕ್ಕಿದೆ. ಬೆಳಿಗ್ಗೆ ಹೋಗುವಾಗ ಸೂರ್ಯ ಬಲಕ್ಕೆ. ಸಂಜೆ ದಕ್ಷಿಣಕ್ಕೆ ತಿರುಗಿ ಬರುವಾಗಲೂ ಬಲಕ್ಕೇ. ಇಡೀ ಸುಗ್ಗಿ ಮಂದಿಯ ಭಾರವೆಲ್ಲ ಹಿಂದಿನ ಬಲ ಚಕ್ರವೇ ಹೊತ್ತಿತ್ತು. ಎಲ್ಲರನ್ನೂ ಎಡಗಡೆ ಕೂರಿಸಿ ಮತ್ತೆ ಓಡಿಸಿದೆ. ಸದ್ದು ಮುಕ್ಕಾಲು ಅಡಗಿತು. ಇಳಿದು ಬಲ ಚಕ್ರದ ನಡುವಿನ ಹಬ್ ಮುಟ್ಟಿದರೆ ಕೈ ಸುಟ್ಟಿತು. ಅವರನ್ನು ಹಾಗೇ ಎಡಗಡೆ ಕೂರಿಸಿಕೊಂಡು, ಎತ್ತಿನ ಗಾಡಿಯ ನಡಿಗೆಯಲ್ಲಿ ಊರು ಮುಟ್ಟಿಸಿ ಗ್ಯಾರೇಜಿಗೆ ಬಂದೆವು.

ಚಕ್ರ ಬಿಚ್ಚಿ ಬೇರಿಂಗ್ ಹೊರತೆಗೆದೆ. ಬೇರಿಂಗ್ ಎಂದರೆ ಚಕ್ರ ಹಗುರವಾಗಿ ತಿರುಗಲೆಂದು ಅದರ ಅಚ್ಚಾದ ಆಕ್ಸಲ್ ಮೇಲೆ ಕೂರಿಸುವ ಉಕ್ಕಿನ ಬಳೆ. ಅದರೊಳಗೆ ಗ್ರೀಸಿನಲ್ಲಿ ಮುಳುಗಿದ ರೋಲರ್‌ಗಳಿರುತ್ತವೆ. ಬಸಣ್ಣನ ಗಾಡಿಯದು ಕಾವಿಗೆ ನೀಲಿಗಟ್ಟಿತ್ತು. ರೋಲರ್‌ಗಳ ಮೈಗೆ ಸಿಡುಬು ಎದ್ದಂತಿತ್ತು. ಗ್ರೀಸ್ ಇರಬೇಕಾದಲ್ಲಿ ತುಕ್ಕಿನ ನೀರು. ಇಷ್ಟು ನೀರು ಎಲ್ಲಿಂದ ಬಂತೆಂದು ಕೇಳಿದೆ.

“ದಿನಾ ಚೀಲ ಇಳಿಸಿದ ಮ್ಯಾಲೆ ಪಂಪ್ ಹಚ್ಚಿ ತೊಳೀತೇನ್ರಿ, ಮ್ಯಾಲೆ ಕೆಳಗ ಎಲ್ಲಾ. ಮೆಣಸಿನಕಾಯಿ ಘಾಟಿಗೆ ಪಾಪ, ಕೆಮ್ಮಿ ಕೆಮ್ಮಿ ಸಾಯ್ತಾರ ಅವರು.”

ಪಂಪಿನ ರಭಸಕ್ಕೆ ನೀರು ಬೇರಿಂಗಿನ ರಬ್ಬರ್ ಸೀಲ್ ದಾಟಿ ಒಳಹೊಕ್ಕಿತ್ತು. ಅವರ ಮೇಲಿನ ಕರುಣೆಯಿಂದಲೇ ಅವನು ಚಕ್ರ ಕೊಂದಿದ್ದ. ಇನ್ನು ಕೆಲವೇ ದಿನ ಓಡಿದ್ದರೆ ಆಕ್ಸಲ್ ಸಮೇತ ಚಕ್ರ ಕಳಚುತ್ತಿತ್ತು, ಅದೂ ಹನುಮವ್ವ ಕೂರುವ ಮೂಲೆಯಲ್ಲಿ.

ಆ ಅಳತೆಯ ಬೇರಿಂಗ್ ಹುಬ್ಬಳ್ಳಿಯಿಂದ ಮರುದಿನ ಮಧ್ಯಾಹ್ನವಷ್ಟೇ ಬರುವುದಿತ್ತು. ಬಸಣ್ಣ ಕೈ ಹಿಸುಕಿಕೊಂಡ. “ಹಳೇದ್ನ ಹಾಕಿಕೊಡ್ರಿ, ಮುಂಜಾನಿ ಒಂದ ಸಲ ಮೆತ್ತಗ ಬಿಟ್ಟ ಬರ್ತೇನ್ರಿ. ತಡಾ ಆದ್ರ ಅವರಿಗೆ ತೊಟ್ಟ ಬಿಡಸಾಕ ಕಾಯಿ ಸಿಗಂಗಿಲ್ಲ, ದಿನಾ ಹಾಳಾಕ್ಕೈತಿ.”

“ಹೆಣ ಹೊರಾಕ ಹೊಂಟೀಯೇನ?” ಎಂದು ಕೂಗಿ, ಆಕ್ಸಲನ್ನು ಒಳಗಿಟ್ಟು ಬೀಗ ಹಾಕಿದೆ. ಅಂದು ನೆಮ್ಮದಿಯಿಂದ ಉಂಡೆ. ಇಷ್ಟು ಜನರ ಜೀವ ಉಳಿಸಿದೆನೆಂಬ ಹೆಮ್ಮೆ, ಸುಳ್ಳೇಕೆ ಹೇಳಲಿ, ಬೇಕಾದಷ್ಟಿತ್ತು.

ಮರುದಿನ ಬೆಳಿಗ್ಗೆ ಆ ಹೆಣ್ಣುಮಕ್ಕಳು ರಸ್ತೆಗೆ ಬಂದು, ಬೇರೆ ಊರಿನ ಮಂದಿ ತುಂಬಿದ್ದ ಇನ್ನೊಂದು ಪಿಕಪ್‌ಗೆ ಕೈ ಮಾಡಿದರು. ಕೂರಲು ಜಾಗವಿರಲಿಲ್ಲ, ನಿಂತೇ ಹೊರಟರು. ಬ್ಯಾಡಗಿ ಇನ್ನೇನು ಬಂತೆನ್ನುವಾಗ ತಿರುವಿನಲ್ಲಿ ಅದು ಮಗುಚಿತು. ಆ ಗಾಡಿಯ ಬೇರಿಂಗ್ ಚೆನ್ನಾಗಿತ್ತು, ಬ್ರೇಕೂ ಚೆನ್ನಾಗಿತ್ತು. ಭಾರ ಹೆಚ್ಚಾಗಿತ್ತು, ಅಷ್ಟೇ. ನಾಲ್ಕಾರು ಮಂದಿಗೆ ಪೆಟ್ಟಾಯಿತು. ಹನುಮವ್ವನ ಬಲಗೈ ಗಾಡಿಯಡಿ ಸಿಕ್ಕಿತು.

ಬಸಣ್ಣ ಫೋನಿನಲ್ಲಿ ಸುದ್ದಿ ಹೇಳುತ್ತ ಅತ್ತ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಬಂದ ಬೇರಿಂಗನ್ನು ಕೂರಿಸಿ, ಇಬ್ಬರೂ ಅದೇ ಗಾಡಿಯಲ್ಲಿ ಹಾವೇರಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಗುಂಯ್ ಸದ್ದು ಬರಲಿಲ್ಲ.

ಹನುಮವ್ವನ ಕೈಯನ್ನು ಮಣಿಕಟ್ಟಿನವರೆಗೆ ತೆಗೆದಿದ್ದರು. ತೊಟ್ಟು ಬಿಡಿಸುವ ಕೈ ಅದು. ಅವಳು ನನ್ನ ಗುರುತು ಹಿಡಿದಳು.

“ಗಾಡಿ ಗುಂಯ್ ಅನ್ನೂದು ನಿಂತತೇನ್ರಿ?”

“ನಿಂತತವ್ವಾ.”

“ಚಲೋ ಆತ ಬಿಡ್ರಿ. ಇನ್ನ ಉಳದಾವ್ರು ಕೆಲಸಕ್ಕ ಹೋಗಬೋದು.”

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇಂದಿಗೂ ಅಂಥ ಗಾಡಿ ಬಂದರೆ ಅದನ್ನು ರಸ್ತೆಗೆ ಬಿಡುವುದಿಲ್ಲ. ಆದರೆ ನಾನು ಗಾಡಿಯನ್ನು ನಿಲ್ಲಿಸಿದ್ದೆನೇ ಹೊರತು ಅವರ ಮರುದಿನದ ಕೆಲಸವನ್ನಲ್ಲ. ಈಗ ಗ್ಯಾರೇಜು ಮಗನದು. ಮಂದಿ ಒಯ್ಯುವ ಗಾಡಿ ಬಂದರೆ ಮಾತ್ರ ನಾನು ಎದ್ದು ಹೋಗಿ ಡ್ರೈವರನಿಗೆ ಮೊದಲು ಒಂದೇ ಮಾತು ಕೇಳುತ್ತೇನೆ: “ನಾಳೆ ನಿನ್ನ ಮಂದಿ ಕೆಲಸಕ್ಕ ಹೆಂಗ ಹೊಕ್ಕಾರ?” ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ನಾನೇ ಪರಿಚಯದ ಗಾಡಿಗಳಿಗೆ ಫೋನು ಹಚ್ಚುತ್ತೇನೆ. ಗಾಡಿ ಸಿಕ್ಕ ಮೇಲೆ ಮಗ ಚಕ್ರ ಬಿಚ್ಚುತ್ತಾನೆ.