ಅಜ್ಜಾರು ಕೀಲಿ ಹಾಕಿದ ಹಾಡು

ಅಜ್ಜಾರ ಅಂಗಾಲು ಹಸುಗೂಸಿನ ಕೆನ್ನೆಯಷ್ಟು ನುಣುಪಾಗಿತ್ತು. ಕಲ್ಲಿನ ಮೇಲೆ ನೀರು ಚೆಲ್ಲಿದರೆ ಚುರ್ ಎನ್ನುವ ನಮ್ಮ ರಾಯಚೂರು ಸೀಮೆಯಲ್ಲಿ ಎಪ್ಪತ್ತರ ಮನುಷ್ಯನ ಕಾಲು ಹಾಗೆ ಉಳಿಯಬೇಕೆಂದರೆ ಒಂದೇ ದಾರಿ, ಅದನ್ನು ನೆಲಕ್ಕೆ ಊರಬಾರದು. ಗಾದಿಯಿಂದ ಕಾರು, ಕಾರಿನಿಂದ ಪಲ್ಲಕ್ಕಿ, ಪಲ್ಲಕ್ಕಿಯಿಂದ ವೇದಿಕೆ. ನಡುವೆ ನಾಲ್ಕು ಹೆಜ್ಜೆ ಇಡಬೇಕಾಗಿ ಬಂದರೆ ಅದಕ್ಕೂ ಬಟ್ಟೆ ಹಾಸುತ್ತಿದ್ದರು.

ಮಠದ ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಅನ್ನುತ್ತೇವೆ; ಇವರು ದೇವದುರ್ಗದ ಕಡೆಯ ಒಂದು ಮಠದವರು. ಇಲೆಕ್ಷನ್ ಬಂತೆಂದರೆ ಒಂದು ಪಕ್ಷದವರು ಮುಂಬಾಗಿಲಿನಿಂದ, ಇನ್ನೊಂದು ಪಕ್ಷದವರು ಹಿತ್ತಲಿನಿಂದ ಬರುತ್ತಿದ್ದರು. ಇಬ್ಬರ ಹಣೆಗೂ ವಿಭೂತಿ, ಇಬ್ಬರಿಗೂ ಒಂದೇ ಮಾತು: “ಈ ಸಲ ನಿಂದೇ ಅದ ಹೋಗಪಾ.” ಇಬ್ಬರಲ್ಲಿ ಒಬ್ಬ ಗೆಲ್ಲಲೇಬೇಕಲ್ಲ, ಹಾಗಾಗಿ ಅವರ ವಾಕ್ಯ ಒಮ್ಮೆಯೂ ಸುಳ್ಳಾಗಲಿಲ್ಲ.

ಸಾಹಿತ್ಯ ಪೋಷಕರೆಂಬ ಬಿರುದೂ ಇತ್ತು. ಕವಿಗಳನ್ನು ಕರೆಸಿ ಹೋಳಿಗೆ ಹಾಕಿಸುತ್ತಿದ್ದರು, ಶಾಲು ಹೊದಿಸುತ್ತಿದ್ದರು. ಹೋಳಿಗೆ ಚಲೋ ಇರುತ್ತಿತ್ತು, ಸುಳ್ಳು ಹೇಳಬಾರದು. ಕವಿತೆ ಶುರುವಾದರೆ ನಿದ್ದೆ ಹೋಗುತ್ತಿದ್ದರು. ತಮ್ಮ ಹೆಸರು ಕಿವಿಗೆ ಬಿದ್ದಾಗ ಮಾತ್ರ ಕಣ್ಣು ತೆರೆದು ತಲೆದೂಗುತ್ತಿದ್ದರು. ಇದು ತಿಳಿದ ಕವಿಗಳು ನಾಲ್ಕು ಸಾಲಿಗೊಮ್ಮೆ ಅವರನ್ನು ಎಬ್ಬಿಸುತ್ತಿದ್ದರು.

ನೀರಮಾನ್ವಿಯ ನಮ್ಮ ದೊಡ್ಡವ್ವನ ಬಾಯಲ್ಲಿ ಬೀಸುವ ಪದ, ಕಳೆ ತೆಗೆಯುವ ಪದ ಮುಗಿಯುತ್ತಲೇ ಇರಲಿಲ್ಲ. ನನಗೆ ಮಾತು ಬಂದದ್ದೇ ಆಕೆಯ ಮಡಿಲಲ್ಲಿ. ಆ ಪದಗಳನ್ನೆಲ್ಲ ಬರೆದು ಕೊಟ್ಟೆ. ಅಜ್ಜಾರು ಮಠದಿಂದ ಪುಸ್ತಕ ಮಾಡಿಸಿದರು. ಅಷ್ಟರಲ್ಲಿ ದೊಡ್ಡವ್ವ ರಾಯಚೂರಿನ ದವಾಖಾನೆ ಸೇರಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಓದು ಬಾರದ ಆಕೆಗೆ ಒಂದೇ ಆಸೆ: “ನಂದು ಫೋಟೋ ಹಾಕ್ಯಾರಂತಲ್ಲೋ. ಒಂದ್ಸಲ ಕೈಯಾಗ ಹಿಡ್ಕೊಂತೀನಿ.”

ಪುಸ್ತಕಗಳೇನೋ ಅಚ್ಚಾಗಿ ಮಠದ ಕೋಣೆಯಲ್ಲಿ ಬಿದ್ದಿದ್ದವು, ಬಾಗಿಲಿಗೆ ಕೀಲಿ. ಮಂತ್ರಿಗಳು ಬಂದು ಬಣ್ಣದ ಕಾಗದ ಹರಿದು ಬಿಡುಗಡೆ ಮಾಡುವ ತನಕ ಒಂದು ಪ್ರತಿಯೂ ಹೊರಗೆ ಹೋಗಕೂಡದು.

“ಒಂದು ಕೊಡ್ರಿ ಅಜ್ಜಾರ. ತೋರಿಸಿ ತಿರುಗಿ ತಂದಿಡ್ತೀನಿ,” ಎಂದು ಕಾಲಿಗೆ ಬಿದ್ದೆ.

“ಮಾಸ್ತರ, ಬಿಡುಗಡಿ ಆಗದ ಪುಸ್ತಕ ಹೊರಗ ಹೋದ್ರ ಮಂತ್ರಿಗೋಳಿಗೆ ಏನು ಮರ್ಯಾದಿ ಉಳೀತದ?”

“ಮುದುಕಿ ಇವತ್ತೋ ನಾಳೆಯೋ ಅನ್ನಾಂಗ ಅದಾಳ್ರಿ.”

“ಶಿವ ದೊಡ್ಡವ ಅದಾನ. ಮಂತ್ರಿಗೋಳು ತಾರೀಖು ಕೊಡಾತನ ತಡಕೊಳ್ಳಾಕ ಹೇಳು,” ಎಂದು ಕಾಲನ್ನು ಇನ್ನಷ್ಟು ಮುಂದೆ ಚಾಚಿದರು. ನನ್ನ ಹಿಂದೆ ಪಾದಪೂಜೆಯವರು ತಂಬಿಗೆ ಹಿಡಿದು ನಿಂತಿದ್ದರು.

ಬರಿಗೈಲಿ ದವಾಖಾನೆಗೆ ಹೋಗಿ ನಡೆದದ್ದನ್ನು ಹೇಳಿದೆ. ದೊಡ್ಡವ್ವ ಕೆಮ್ಮು ಹತ್ತುವ ತನಕ ನಕ್ಕಳು.

“ಮಂತ್ರಿ ಬರಾತನ ಸಾಯಬ್ಯಾಡ ಅಂದಾನೇನು? ಎಂಥಾ ಶಾಣ್ಯಾ ಇದ್ದಾನೋ ಯಪ್ಪಾ.” ಆಮೇಲೆ ಮಲಗಿದಲ್ಲಿಂದಲೇ ಹಾಡಿದಳು:

ಹಾಡಿಗಿ ಕೀಲಿ ಜಡದಾರ ಮಠದಾಗ
ಕೀಲಿಕೈ ಅಜ್ಜನ ಸೊಂಟದಾಗ – ನನ ಹಾಡು
ಓಣ್ಯಾಗ ಜ್ವಾಳ ಬೀಸ್ಯಾವ

ಪಕ್ಕದ ಮಂಚದಲ್ಲಿ ಮಾನ್ವಿ ಬಜಾರಿನಲ್ಲಿ ಬಳೆ ಮಾರುವ ಬೀಬಿ ಇದ್ದಳು. “ಇನ್ನೊಮ್ಮಿ ಹಾಡು ಯವ್ವಾ, ಕಲ್ಕೊಂತೀನಿ,” ಎಂದಳು. ಸಂಜೆಯೊಳಗೆ ವಾರ್ಡಿನ ಹೆಂಗಸರೆಲ್ಲ ಕಲಿತರು.

ಆ ವಾರವೇ ದೊಡ್ಡವ್ವ ಹೋದಳು. ಮಂತ್ರಿಗಳು ಬಂದದ್ದು ಜೋಳದ ಸುಗ್ಗಿ ಮುಗಿದ ಮೇಲೆ. ಕಾಗದ ಹರಿದಾಗ ನೋಡಿದೆ, ಮುಖಪುಟದ ತುಂಬ ಅಜ್ಜಾರೇ. ದೊಡ್ಡವ್ವ ಹಿಂದಿನ ಪುಟದ ಮೂಲೆಯಲ್ಲಿ, ಅಂಚೆಚೀಟಿಯಷ್ಟು.

ಹೋದ ವರ್ಷ ಅಜ್ಜಾರು ಲಿಂಗೈಕ್ಯರಾದರು. ಎರಡೂ ಪಕ್ಷದವರು ಹೆಗಲು ಕೊಟ್ಟರು. ಕವಿಗಳು ಒಬ್ಬರಾದ ಮೇಲೊಬ್ಬರು ಓದಿದರು. ಎಷ್ಟು ಸಲ ಹೆಸರು ಹೇಳಿದರೂ ಅವರು ಕಣ್ಣು ತೆರೆಯಲಿಲ್ಲ. ಪುಸ್ತಕ ಮಾಡಿಸಿದ ಋಣ ಇತ್ತಲ್ಲ, ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ವಾಪಸು ಬರುವಾಗ ನಾನು ಕೂತ ಟಂಟಂ ಆಟೋದಲ್ಲಿ, ಹೊಲದಲ್ಲಿ ಹತ್ತಿ ಬಿಡಿಸಿ ಊರಿಗೆ ಹೊರಟಿದ್ದ ಹೆಂಗಸರು ದೊಡ್ಡವ್ವನ ಆ ಪದ ಹಾಡುತ್ತಿದ್ದರು.

“ಯಾವ ಅಜ್ಜನ ಮ್ಯಾಲಿಂದು ಯವ್ವಾ ಇದು?” ಎಂದು ಕೇಳಿದೆ.

“ಯಾವನೋ ಯಾರಿಗೊತ್ರಿ,” ಎಂದಳು ಒಬ್ಬಾಕೆ. “ಕೀಲಿ ಹಾಕಾವ ಒಬ್ಬ ಇದ್ದನಂತ.”