ತೆಪ್ಪದ ಮಾವನ ಪರ್ಮಿಟ್ಟು

ಮೊನ್ನೆ ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರೆ ನಾನೊಬ್ಬಳು ನಿಂತುಬಿಟ್ಟೆ. ಬಿಸಿ ಡಾಂಬರಿನ ವಾಸನೆ ಬಂದರೆ ಸಾಕು, ತೆಪ್ಪದ ಮಾವ ಕಣ್ಣ ಮುಂದೆ ಬರುತ್ತಾರೆ. ಬೇಸಿಗೆಯಲ್ಲಿ ತೆಪ್ಪವನ್ನು ಬೋರಲು ಹಾಕಿ, ಬೀಡಿ ಕಚ್ಚಿಕೊಂಡು, ತಳಕ್ಕೆ ಡಾಂಬರು ಬಳಿಯುತ್ತ ಕೂತಿರುತ್ತಿದ್ದರು...

ನಮ್ಮ ಪಕ್ಕದ ಮನೆಯವರು. ಸಂಬಂಧವೇನೂ ಇಲ್ಲ, ಚಿಕ್ಕಂದಿನಿಂದ ಮಾವ ಎಂದು ಕರೆದು ರೂಢಿ. ನಮ್ಮೂರ ಗುಡಿಯ ಮುಂದೆ ಹೊಳೆಯ ಮಡುವೊಂದಿದೆ. ಅಲ್ಲಿ ಮೀನು ಹಿಡಿಯಬಾರದೆಂದು ಮೀನುಗಾರಿಕೆ ಇಲಾಖೆಯವರು ಬೋರ್ಡು ನೆಟ್ಟಿದ್ದರು. ತೆಪ್ಪ ಬಿಡಲು ಪರ್ಮಿಟ್ಟು ಇದ್ದದ್ದು ಮಾವನೊಬ್ಬರಿಗೇ. ಗುಡಿಗೆ ಬಂದವರನ್ನು ಕೂರಿಸಿಕೊಂಡು ಮಡುವಿನ ನಡುವೆ ಹೋಗಿ, ಹುಟ್ಟುಗೋಲಿನಿಂದ ತೆಪ್ಪದ ಅಂಚಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ಬಡಿದದ್ದೇ ತಡ, ಮೀನುಗಳು ಹಿಂಡುಹಿಂಡಾಗಿ ಮೇಲೆ ಬಂದು ಕೈಯಲ್ಲಿದ್ದ ಮಂಡಕ್ಕಿಗೆ ಬಾಯಿ ಹಾಕುತ್ತಿದ್ದವು. ಜಗಳೂರು ಕಡೆಯಿಂದ ಬಂದವರಂತೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆ ಸದ್ದನ್ನು ಮೀನುಗಳಿಗೆ ರೂಢಿ ಮಾಡಿಸಿದ್ದು ಮಾವನೇ. ಅದರ ಬಗ್ಗೆ ಅವರಿಗೆ ಜಂಬವೂ ಇತ್ತು.

ಒಂದು ವರ್ಷ ಯುಗಾದಿ ಕಳೆದ ಮೇಲೆ ಇಲಾಖೆಯ ಜೀಪು ಬಂತು. ಪರ್ಮಿಟ್ಟು ರದ್ದು, ಇನ್ನು ತೆಪ್ಪವೂ ಇಲ್ಲ, ಮಂಡಕ್ಕಿ ಹಾಕುವುದೂ ಇಲ್ಲ ಎಂದರು. ಯಾರೋ ದೂರು ಕೊಟ್ಟಿದ್ದಾರೆ ಎಂದರೇ ಹೊರತು ಯಾರೆಂದು ಬಾಯಿ ಬಿಡಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೂ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು. ಮೊದಲು ನ್ಯಾಮತಿಯಿಂದ ಬಂದು ತೆಪ್ಪದ ಪರ್ಮಿಟ್ಟು ಕೇಳಿ ವಾಪಸು ಹೋಗಿದ್ದ ಒಬ್ಬನ ಮೇಲೆ ಕಣ್ಣು ಬಿತ್ತು. ಆಮೇಲೆ ಗುಡಿ ಮುಂದಿನ ಮಂಡಕ್ಕಿ ಅಂಗಡಿಯವನ ಮೇಲೆ. ಅವನಿಗೂ ವ್ಯಾಪಾರ ಹೋಯಿತಲ್ಲ ಎಂದು ಅಮ್ಮ ಅಂದರೆ, ಯಾರಿಗೂ ಗೊತ್ತಾಗದಿರಲಿ ಅಂತಲೇ ಈ ಆಟ ಎಂದು ವಾದಿಸಿದ್ದೆ! ಆದರೆ ಊರಿನವರು ಕೊನೆಗೆ ಮಾವನ ಮೇಲೆಯೇ ತಿರುಗಿದರು. ಕದ್ದು ಮೀನು ಮಾರಿರಬೇಕು ಎಂಬ ಮಾತು ಹುಟ್ಟಿತು.

"ಸುಮ್‌ಸುಮ್ನೆ ರದ್ದು ಮಾಡ್ತಾರೇನ್ರಿ? ಏನೋ ಐತೆ ಬಿಡ್ರಿ," ಎಂದು ಆ ಅಂಗಡಿಯವನೇ ನನ್ನೆದುರು ಅಂದ.

ನಾನು ಮಾವನನ್ನು ಕೇಳಿದೆ. "ಹೋಗ್ಲಿ ಬಿಡವ್ವ," ಎಂದರು, ಮುಖ ಎತ್ತದೆ. ಅಷ್ಟು ಮಾತಾಡುವ ಮನುಷ್ಯ ಹೀಗೆ ಸುಮ್ಮನಾದರೆ... ಸುಳ್ಳೇಕೆ, ನನಗೂ ಅವರ ಮೇಲೆ ಅನುಮಾನ ಬಂತು. ಆಮೇಲೆ ಅವರು ಹೊಳೆಯ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ತ್ಯಾವಣಿಗೆ ಕಡೆ ಕೂಲಿಗೆ ಹೋಗುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ತಿಥಿಯ ಊಟ ಮುಗಿದ ಮೇಲೆ ಅವರ ಹೆಂಡತಿಯ ಪಕ್ಕ ಕೂತು, "ಆ ದೂರು ಕೊಟ್ಟೋನು ಉದ್ಧಾರ ಆಗಲ್ಲ ಅತ್ತೆ," ಎಂದೆ.

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಹಂಗನ್ನಬ್ಯಾಡವ್ವ. ಕೊಟ್ಟೋರು ನಿಮ್ ಮಾವಾರೇ."

ಒಂದು ಬೆಳಗಿನ ಜಾವ ಮಾವ ಹೊಳೆಗೆ ಹೋದಾಗ ಊರಿನ ಇಬ್ಬರು ಮಡುವಿನಲ್ಲಿ ಬಲೆ ಬಿಟ್ಟು, ಕಲ್ಲಿಗೆ ಕೋಲಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರಂತೆ. ಮೀನುಗಳು ಸಾಲಾಗಿ ಬಂದು ಬಲೆಗೆ ಬೀಳುತ್ತಿದ್ದವಂತೆ.

"ನಾನೇ ಕರ್ದೆ ಅಂತ ತಿಳ್ಕೊಂಡು ಬಂದ್ವು ಕಣೇ ಅಂತ ಅತ್ತುಬಿಟ್ರು. ಊರೋರ ಹೆಸರು ಹೇಳಾಕೆ ಮನಸಾಗ್ಲಿಲ್ಲ. ಇಲಾಖೆಗೆ ಹೋಗಿ, ನನ್ ಪರ್ಮಿಟ್ಟು ತೆಗೀರಿ, ಮಂಡಕ್ಕಿನೂ ನಿಲ್ಸ್ರಿ ಅಂದ್ರಂತೆ. ಹೆಂಗಾರ ಆಗ್ಲಿ, ಮೀನಿಗೆ ಮನುಷ್ಯರ ಮ್ಯಾಲೆ ಒಂದಿಷ್ಟು ಅನುಮಾನ ಬರ್ಲಿ ಅಂದ್ರು."



ಈಗ ಮಡುವಿನ ಮೆಟ್ಟಿಲ ಮೇಲೆ ನಿಂತರೆ, ನನ್ನ ನೆರಳು ನೀರಿಗೆ ಬಿದ್ದದ್ದೇ ಮೀನುಗಳು ಚದುರಿ ತಳಕ್ಕಿಳಿಯುತ್ತವೆ. ಮಾವ ಬಯಸಿದ್ದು ಅದನ್ನೇ. ಇವತ್ತು ಅವರೇ ಎದ್ದು ಬಂದು ಕರೆದರೂ ಒಂದು ಮೀನೂ ಮೇಲೆ ಬರಲಿಕ್ಕಿಲ್ಲ.